ಮೆಷಿನ್ ಜಾಸ್ತಿ ಮಾಡಿದಷ್ಟೂ ಸೈಟ್ ಬೀಳುತ್ತಿದೆ: ಹೋಂಸ್ಟೇ ಬುಕಿಂಗ್‌ಗೆ ಕ್ಯಾಶ್ (cache) ಎಲ್ಲಿ, ಎಷ್ಟು?

ಗಾಳಿಬೀಡು_ಗಾಳಿ

ಎಲ್ಲರಿಗೂ ನಮಸ್ಕಾರ. ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಕಡೆಯ ಹೋಂಸ್ಟೇಗಳನ್ನು ಬುಕ್ ಮಾಡುವ ವೆಬ್ ಆ್ಯಪ್ ಇದು. ಮಾಮೂಲಿ ದಿನ ಆರಾಮಾಗಿ ಓಡುತ್ತದೆ. ಸಾಲು ರಜೆಗೆ ಮುಂಚಿನ ಗುರುವಾರ ಸಂಜೆ, ದಸರಾ, ತುಲಾ ಸಂಕ್ರಮಣದ ವಾರ ಬಂತೆಂದರೆ ಮಲಗಿಬಿಡುತ್ತದೆ.

ಸೆಟಪ್: ನೋಡ್ ಜೆಎಸ್ (ಸರ್ವರ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ತಂತ್ರಾಂಶ), ಎಡಬ್ಲ್ಯುಎಸ್ (ಅಮೆಜಾನ್ ಕ್ಲೌಡ್) ಮುಂಬೈ ರೀಜನ್, 2 ವಿಸಿಪಿಯು 4 ಜಿಬಿಯ ಟಿ3 ಮೀಡಿಯಂ ಮೆಷಿನ್‌ಗಳು, ಮುಂದೆ ಎಎಲ್‌ಬಿ (ರಿಕ್ವೆಸ್ಟ್‌ಗಳನ್ನು ಮೆಷಿನ್‌ಗಳಿಗೆ ಹಂಚುವ ಲೋಡ್ ಬ್ಯಾಲೆನ್ಸರ್). ಮೆಷಿನ್‌ಗೆ 2 ನೋಡ್ ಪ್ರೊಸೆಸ್, ಪ್ರತಿ ಪ್ರೊಸೆಸ್‌ನ ಡಿಬಿ (ಡೇಟಾಬೇಸ್) ಪೂಲ್‌ನಲ್ಲಿ, ಅಂದರೆ ತೆರೆದಿಟ್ಟು ಮತ್ತೆ ಮತ್ತೆ ಬಳಸುವ ಸಂಪರ್ಕಗಳ ಗುಂಪಿನಲ್ಲಿ, 20 ಕನೆಕ್ಷನ್. ಡಿಬಿ ಪೋಸ್ಟ್‌ಗ್ರೆಸ್, ಇನ್ನೊಂದು ಮೆಷಿನ್‌ನಲ್ಲಿ, ಕಾನ್ಫಿಗ್ ಬಂದದ್ದು ಬಂದ ಹಾಗೇ ಇದೆ. ರೆಡಿಸ್ (ಮೆಮೊರಿಯಲ್ಲೇ ಮಾಹಿತಿ ಇಡುವ ಸ್ಟೋರ್) ಒಂದೇ, ಸೆಷನ್ (ಯಾರ ಲಾಗಿನ್ ಎಂಬ ದಾಖಲೆ) ಮತ್ತು ಕ್ಯಾಶ್ (ಒಮ್ಮೆ ತಂದ ಉತ್ತರದ ತಾತ್ಕಾಲಿಕ ಪ್ರತಿ) ಎರಡೂ ಅದರಲ್ಲೇ. ಹುಡುಕಾಟದ ಫಲಿತಾಂಶಕ್ಕೆ 10 ನಿಮಿಷದ ಟಿಟಿಎಲ್ (ಪ್ರತಿಯ ಆಯಸ್ಸು). ಆಟೋ ಸ್ಕೇಲಿಂಗ್ (ಮೆಷಿನ್ ತಾನಾಗಿ ಹೆಚ್ಚು ಕಡಿಮೆ ಆಗುವುದು) ಇರುವುದು ಪ್ರತಿ ಮೆಷಿನ್‌ಗೆ ಬರುವ ರಿಕ್ವೆಸ್ಟ್ ಎಣಿಕೆಯ ಮೇಲೆ, 2ರಿಂದ 6ರವರೆಗೆ.

ತೊಂದರೆ ನಾಲ್ಕು. ಮೆಷಿನ್ ಹೆಚ್ಚಾದ ಕೂಡಲೇ ಪೋಸ್ಟ್‌ಗ್ರೆಸ್ ‘ಕನೆಕ್ಷನ್ ಸ್ಲಾಟ್ ಉಳಿದಿಲ್ಲ’ ಎನ್ನುತ್ತದೆ, ಆಗ ಆ್ಯಪ್ ಮೆಷಿನ್‌ಗಳ ಸಿಪಿಯು 30% ಕೂಡ ದಾಟಿರುವುದಿಲ್ಲ. ಜನ ಇಲ್ಲದ ಹೊತ್ತಲ್ಲೂ ಆಗೊಂದು ಈಗೊಂದು 502 ಎರರ್ (ಹಿಂದಿನ ಸರ್ವರ್‌ನಿಂದ ಸರಿಯಾದ ಉತ್ತರ ಸಿಗಲಿಲ್ಲ ಎಂದು) ಬರುತ್ತದೆ. ಡಿಬಿ ಸಿಪಿಯು ಗ್ರಾಫ್ 10 ನಿಮಿಷಕ್ಕೊಮ್ಮೆ ನೆಟ್ಟಗೆ ಮೇಲೇರಿ ಇಳಿಯುತ್ತದೆ. ಇನ್ನು ಒಂದೇ ಕೋಣೆ ಒಂದೇ ದಿನಕ್ಕೆ ಇಬ್ಬರಿಗೆ ಹೋಗಿದ್ದೂ ಇದೆ.

ಕುಬರ್ನೆಟಿಸ್‌ಗೆ (ಆ್ಯಪ್‌ನ ಪ್ರತಿಗಳನ್ನು ಹಲವು ಮೆಷಿನ್‌ಗಳಲ್ಲಿ ಓಡಿಸಿ ನೋಡಿಕೊಳ್ಳುವ ವ್ಯವಸ್ಥೆ) ಹೋದರೆ ಇದೆಲ್ಲ ಸರಿಹೋಗುತ್ತದೆಯೇ?

ಹಾರಂಗಿ_ಹಿನ್ನೀರು

ಕುಬರ್ನೆಟಿಸ್ ಮಾತು ಆಮೇಲೆ. ಮೊದಲು ಒಂದು ಗುಣಾಕಾರ.

2 ಪ್ರೊಸೆಸ್ × 20 ಅಂದರೆ ಮೆಷಿನ್‌ಗೆ 40 ಕನೆಕ್ಷನ್. ಎರಡು ಮೆಷಿನ್‌ಗೆ 80. ಪೋಸ್ಟ್‌ಗ್ರೆಸ್‌ನ ಮ್ಯಾಕ್ಸ್ ಕನೆಕ್ಷನ್ಸ್ ಡಿಫಾಲ್ಟ್ 100; ಅದರಲ್ಲಿ 3 ಸೂಪರ್‌ಯೂಸರ್‌ಗೆ ಮೀಸಲು, ನಿಮಗೆ ಸಿಗುವುದು 97. ಮೂರನೇ ಮೆಷಿನ್ ಎದ್ದು ಅದರ ಪೂಲ್ ತುಂಬಿದರೆ 120 ಬೇಕು, ಇಲ್ಲ. ಆರಕ್ಕೆ 240. ಕೊಡಗಿನ ಗಡಿಯ ಆನೆಚೌಕೂರು ಗೇಟ್ ಒಂದೇ ಇರುವಾಗ ಮೈಸೂರಿನಿಂದ ಇನ್ನೂ ನಾಲ್ಕು ಬಸ್ಸು ಬಿಟ್ಟ ಹಾಗೆ ಆಯಿತು. ಆ್ಯಪ್ ಸಿಪಿಯು 30%ರಲ್ಲೇ ಇರುವುದಕ್ಕೂ ಇದೇ ಕಾರಣ: ಪ್ರೊಸೆಸ್‌ಗಳು ಕೆಲಸ ಮಾಡುತ್ತಿಲ್ಲ, ಡಿಬಿಗಾಗಿ ಕಾಯುತ್ತಿವೆ. ಪೇಜ್ ಬಾರದೆ ಜನ ರಿಫ್ರೆಶ್ ಒತ್ತುತ್ತಾರೆ, ರಿಕ್ವೆಸ್ಟ್ ಎಣಿಕೆ ಏರುತ್ತದೆ, ಸ್ಕೇಲಿಂಗ್ ಇನ್ನೊಂದು ಮೆಷಿನ್ ಎಬ್ಬಿಸುತ್ತದೆ, ಅದೂ ಬಂದು ಡಿಬಿಯ ಬಾಗಿಲಲ್ಲಿ ನಿಲ್ಲುತ್ತದೆ.

ಮ್ಯಾಕ್ಸ್ ಕನೆಕ್ಷನ್ಸ್ 500 ಮಾಡಿಬಿಡೋಣ ಅನ್ನಿಸಬಹುದು. ಬೇಡ. ಪೋಸ್ಟ್‌ಗ್ರೆಸ್‌ನಲ್ಲಿ ಒಂದೊಂದು ಕನೆಕ್ಷನ್ನೂ ಒಂದೊಂದು ಓಎಸ್ ಪ್ರೊಸೆಸ್, ಅದಕ್ಕೆ ಅದರದೇ ಮೆಮೊರಿ. ಮೇಲಿಂದ ವರ್ಕ್ ಮೆಮ್ (ಕೆಲಸಕ್ಕೆ ಕೊಡುವ ಮೆಮೊರಿಯ ಮಿತಿ, ಡಿಫಾಲ್ಟ್ 4 ಎಂಬಿ) ಕನೆಕ್ಷನ್‌ಗೆ ಒಂದು ಸಲ ಅಲ್ಲ, ಕ್ವೆರಿಯೊಳಗಿನ (ಡಿಬಿಗೆ ಕೇಳುವ ಪ್ರಶ್ನೆಯೊಳಗಿನ) ಪ್ರತಿ ಸಾರ್ಟ್, ಪ್ರತಿ ಹ್ಯಾಶ್‌ಗೆ ಲೆಕ್ಕ. ಎರಡು ಕೋರ್ ಮೇಲೆ 500 ಕ್ವೆರಿ ಒಟ್ಟಿಗೆ ನುಗ್ಗಿದರೆ ಎಲ್ಲವೂ ನಿಧಾನ, ಯಾವುದೂ ಮುಗಿಯುವುದಿಲ್ಲ.

ನಿಜವಾಗಿ ಎಷ್ಟು ಬೇಕು? ಸೆಕೆಂಡಿಗೆ ಬರುವ ಕ್ವೆರಿ ಗುಣಿಸು ಒಂದಕ್ಕೆ ಹಿಡಿಯುವ ಸಮಯ. ಸೆಕೆಂಡಿಗೆ 200 ಕ್ವೆರಿ, ತಲಾ 50 ಮಿಲಿಸೆಕೆಂಡ್ ಆದರೆ ಸರಾಸರಿ 10 ಕನೆಕ್ಷನ್. ಅದೇ ಕ್ವೆರಿ 800 ಮಿಲಿಸೆಕೆಂಡ್ ಹಿಡಿದರೆ 160. ಅಂದರೆ ನಿಮ್ಮ ಕನೆಕ್ಷನ್ ತೊಂದರೆಯ ಬೇರು ಹೆಚ್ಚುಕಮ್ಮಿ ಯಾವುದೋ ನಿಧಾನದ ಕ್ವೆರಿಯಲ್ಲಿದೆ. ಪ್ರತಿ ಕ್ವೆರಿಯ ಸಮಯ ಲೆಕ್ಕ ಇಡುವ ಪಿಜಿ ಸ್ಟ್ಯಾಟ್ ಸ್ಟೇಟ್‌ಮೆಂಟ್ಸ್ ಎಕ್ಸ್‌ಟೆನ್ಷನ್ ಹಾಕಿ (ಶೇರ್ಡ್ ಪ್ರಿಲೋಡ್ ಲೈಬ್ರರೀಸ್‌ಗೆ ಸೇರಿಸಿ ಡಿಬಿ ರೀಸ್ಟಾರ್ಟ್ ಮಾಡಬೇಕು, ಮಂಗಳವಾರ ಬೆಳಗ್ಗೆ ಮಾಡಿ), ಒಟ್ಟು ಸಮಯದ ಮೇಲೆ ಇಳಿಕೆ ಕ್ರಮದಲ್ಲಿ ನೋಡಿ. ಸರಾಸರಿ ಸಮಯದ ಮೇಲೆ ಅಲ್ಲ. ಒಮ್ಮೆ 4 ಸೆಕೆಂಡ್ ತಿನ್ನುವ ವರದಿಗಿಂತ ಲಕ್ಷ ಸಲ 60 ಮಿಲಿಸೆಕೆಂಡ್ ತಿನ್ನುವ ಹುಡುಕಾಟ ದೊಡ್ಡ ಹೊರೆ. ಮೊದಲ ಮೂರಕ್ಕೆ ಎಕ್ಸ್‌ಪ್ಲೇನ್ ಅನಲೈಸ್ (ಕ್ವೆರಿ ಹೇಗೆ ಓಡಿತೆಂದು ತೋರಿಸುವ ಆದೇಶ) ಓಡಿಸಿ. ಬುಕಿಂಗ್ ಟೇಬಲ್ ಮೇಲೆ ಸೀಕ್ವೆನ್ಷಿಯಲ್ ಸ್ಕ್ಯಾನ್ (ಎಲ್ಲ ಸಾಲನ್ನೂ ಓದುವುದು) ಕಂಡರೆ ಅಲ್ಲಿ ಇಂಡೆಕ್ಸ್ ಹಾಕಿ.

ಅದಾದ ಮೇಲೆ ನಡುವೆ ಪಿಜಿಬೌನ್ಸರ್, ಅಂದರೆ ಕೆಲವೇ ಡಿಬಿ ಕನೆಕ್ಷನ್‌ಗಳನ್ನು ಹಲವರಿಗೆ ಹಂಚುವ ಮಧ್ಯವರ್ತಿ. ಟ್ರಾನ್ಸಾಕ್ಷನ್ ಮೋಡ್ (ಒಂದು ಟ್ರಾನ್ಸಾಕ್ಷನ್ ಮುಗಿದ ಕೂಡಲೇ ಕನೆಕ್ಷನ್ ಇನ್ನೊಬ್ಬರಿಗೆ), ಡಿಫಾಲ್ಟ್ ಪೂಲ್ ಸೈಜ್ 20 ಹಾಗೇ ಇರಲಿ, ಆದರೆ ಮ್ಯಾಕ್ಸ್ ಕ್ಲೈಂಟ್ ಕನೆಕ್ಷನ್ ಡಿಫಾಲ್ಟ್ 100 ಇರುತ್ತದೆ, ಅದನ್ನು 1000ಕ್ಕೆ ಏರಿಸಿ. ಮರೆತರೆ ಅದೇ ಎರರ್ ಬೇರೆ ಬಾಗಿಲಿಂದ ಬರುತ್ತದೆ. ಈ ಮೋಡ್‌ನಲ್ಲಿ ಲಿಸನ್, ಸೆಷನ್ (ಇಲ್ಲಿ ಡಿಬಿ ಕನೆಕ್ಷನ್) ಮಟ್ಟದ ಅಡ್ವೈಸರಿ ಲಾಕ್, ಸೆಷನ್‌ಗೆ ಮಾಡಿದ ಸೆಟ್ ಇವು ನಡೆಯುವುದಿಲ್ಲ. ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಬಳಸುತ್ತಿದ್ದರೆ ಪಿಜಿಬೌನ್ಸರ್‌ನ 1.21 ಅಥವಾ ಅದಕ್ಕಿಂತ ಹೊಸ ಆವೃತ್ತಿಯೇ ಬೇಕು.

ನೋಡ್‌ನ ಪಿಜಿ ಲೈಬ್ರರಿಯಲ್ಲಿ ಕನೆಕ್ಷನ್ ಟೈಮೌಟ್ ಡಿಫಾಲ್ಟ್ 0, ಅಂದರೆ ಪೂಲ್‌ನಲ್ಲಿ ಒಂದು ಕನೆಕ್ಷನ್ ಬಿಡುವಾಗುವವರೆಗೆ ಎಷ್ಟು ಹೊತ್ತಾದರೂ ಕಾಯುತ್ತದೆ. 2000 ಮಿಲಿಸೆಕೆಂಡ್ ಕೊಡಿ. ವೆಬ್ ಬಳಸುವ ಡಿಬಿ ಯೂಸರ್‌ಗೆ ಸ್ಟೇಟ್‌ಮೆಂಟ್ ಟೈಮೌಟ್ 5 ಸೆಕೆಂಡ್ ಇಡಿ. ಮೈಗ್ರೇಷನ್ (ಟೇಬಲ್ ರಚನೆ ಬದಲಿಸುವ ಕೆಲಸ) ಓಡಿಸುವ ಯೂಸರ್ ಬೇರೆ ಇರಲಿ, ಇಲ್ಲದಿದ್ದರೆ ಇಂಡೆಕ್ಸ್ ಕಟ್ಟುವಾಗ ಅರ್ಧಕ್ಕೇ ನಿಲ್ಲುತ್ತದೆ.

ಬಿಡುವಿನ ಹೊತ್ತಿನ 502 ಬೇರೆ ರೋಗ. ಎಎಲ್‌ಬಿ ಒಂದು ಕನೆಕ್ಷನ್ ಅನ್ನು ಡಿಫಾಲ್ಟಾಗಿ 60 ಸೆಕೆಂಡ್ ಸುಮ್ಮನೆ ಹಿಡಿದಿರುತ್ತದೆ. ನೋಡ್‌ನ ಈವರೆಗಿನ ಬಹುತೇಕ ಆವೃತ್ತಿಗಳು 5 ಸೆಕೆಂಡಿಗೇ ಅದನ್ನು ಮುಚ್ಚುತ್ತವೆ. ನೋಡ್ ಮುಚ್ಚುವ ಕ್ಷಣದಲ್ಲೇ ಎಎಲ್‌ಬಿ ಅದರ ಮೇಲೆ ಹೊಸ ರಿಕ್ವೆಸ್ಟ್ ಕಳಿಸಿದರೆ 502. ಸರ್ವರ್‌ನ ಕೀಪ್ ಅಲೈವ್ ಟೈಮೌಟ್ 65 ಸೆಕೆಂಡ್, ಹೆಡರ್ಸ್ ಟೈಮೌಟ್ 66 ಸೆಕೆಂಡ್ ಮಾಡಿ. ಹಿಂದಿನವನು ಮುಂದಿನವನಿಗಿಂತ ಹೆಚ್ಚು ಹೊತ್ತು ಕಾಯಬೇಕು, ಅಷ್ಟೇ ಲೆಕ್ಕ.

ಬರಪೊಳೆ

ಹಾರಂಗಿಯವರು ಡಿಬಿ ಕಡೆ ಹೇಳಿದ್ದಾರೆ, ನಾನು ಕ್ಯಾಶ್ ಕಡೆ. ಎಲ್ಲದಕ್ಕೂ ಒಂದೇ 10 ನಿಮಿಷ ಅನ್ನುವುದೇ ತಪ್ಪು ಲೆಕ್ಕ. ಯಾವ ಮಾಹಿತಿ ಎಷ್ಟು ಹೊತ್ತು ಹಳೆಯದಾಗಿದ್ದರೆ ಯಾರಿಗೂ ನಷ್ಟವಿಲ್ಲ ಎಂದು ಒಂದೊಂದಕ್ಕೂ ಕೇಳಿಕೊಳ್ಳಿ.

ಫೋಟೊ: ಮನೆಯವರು ಫೋನಿನಿಂದ ಹಾಕುವ 4–5 ಎಂಬಿ ಚಿತ್ರವನ್ನು ನೋಡ್ ಮೂಲಕ ಕೊಡಬೇಡಿ. ಅಪ್‌ಲೋಡ್ ಆದಾಗಲೇ 480, 960, 1600 ಪಿಕ್ಸೆಲ್ ಅಗಲದ ವೆಬ್‌ಪಿ ಮಾಡಿ ಎಸ್3ಗೆ (ಅಮೆಜಾನ್‌ನ ಫೈಲ್ ಸಂಗ್ರಹ) ಹಾಕಿ, ಮುಂದೆ ಸಿಡಿಎನ್ (ಬಳಕೆದಾರರ ಹತ್ತಿರದ ಸರ್ವರ್‌ಗಳಿಂದ ಪ್ರತಿ ಕೊಡುವ ಸೇವೆ) ಇಡಿ. ಫೈಲ್ ಹೆಸರಲ್ಲೇ ಒಳವಿಷಯದ ಹ್ಯಾಶ್ (ಅದರಿಂದ ಲೆಕ್ಕ ಹಾಕಿದ ಗುರುತು) ಇರಲಿ. ಆಗ ಕ್ಯಾಶ್ ಕಂಟ್ರೋಲ್ ಹೆಡರ್‌ನಲ್ಲಿ ಮ್ಯಾಕ್ಸ್ ಏಜ್ 31536000 (ಒಂದು ವರ್ಷದ ಸೆಕೆಂಡ್‌ಗಳು), ಇಮ್ಯೂಟಬಲ್ (ಬದಲಾಗದ್ದು) ಎಂದು ಧೈರ್ಯವಾಗಿ ಕೊಡಬಹುದು. ಚಿತ್ರ ಬದಲಾದರೆ ಹೆಸರೇ ಬದಲಾಗುತ್ತದೆ, ಪರ್ಜ್ ಮಾಡುವ (ಹಳೆಯ ಪ್ರತಿ ಅಳಿಸುವ) ಗೋಜಿಲ್ಲ. ಗಾಳಿಬೀಡು, ಭಾಗಮಂಡಲ ಕಡೆ ಒಂದು ಕಡ್ಡಿ ಸಿಗ್ನಲ್‌ನಲ್ಲಿ ಪೇಜ್ ತೆಗೆಯುವವರಿಗೆ ಉಳಿದೆಲ್ಲ ಟ್ಯೂನಿಂಗ್‌ಗಿಂತ ಇದೇ ಹೆಚ್ಚು ಉಪಕಾರ.

ಹೋಂಸ್ಟೇ ವಿವರದ ಪುಟ: ಸಿಡಿಎನ್‌ಗೆ ಎಸ್ ಮ್ಯಾಕ್ಸ್ ಏಜ್ 300 ಸೆಕೆಂಡ್, ಜೊತೆಗೆ ಸ್ಟೇಲ್ ವೈಲ್ ರೀವ್ಯಾಲಿಡೇಟ್ 600. ಅವಧಿ ಮುಗಿದ ಮೇಲೂ ಹಳೆಯ ಪ್ರತಿಯನ್ನು ತಕ್ಷಣ ಕೊಟ್ಟು, ಹಿಂದಿನಿಂದ ಹೊಸದನ್ನು ತರಿಸಿಕೊಳ್ಳುತ್ತದೆ. ನಿಮ್ಮ ಸಿಡಿಎನ್ ಇದನ್ನು ಪಾಲಿಸುತ್ತದೆಯೇ ನೋಡಿಕೊಳ್ಳಿ. ಎಚ್‌ಟಿಎಂಎಲ್ ಪುಟವನ್ನು ಕ್ಲೌಡ್‌ಫ್ಲೇರ್‌ನಂಥವು ತಾವಾಗಿ ಕ್ಯಾಶ್ ಮಾಡುವುದಿಲ್ಲ, ನಿಯಮ ಬರೆಯಬೇಕು.

ಹುಡುಕಾಟದ ಪಟ್ಟಿ: 30ರಿಂದ 60 ಸೆಕೆಂಡ್ ಸಾಕು. ಸೆಕೆಂಡಿಗೆ 100 ಜನ ಒಂದೇ ವೀಕೆಂಡ್ ಹುಡುಕಿದರೆ 30 ಸೆಕೆಂಡಿನ ಕ್ಯಾಶ್ 3000 ಕ್ವೆರಿಯನ್ನು ಒಂದಕ್ಕೆ ಇಳಿಸುತ್ತದೆ. ಅದನ್ನು 10 ನಿಮಿಷಕ್ಕೆ ಏರಿಸಿದರೆ ಹೆಚ್ಚುವರಿ ಲಾಭ ತೀರಾ ಸಣ್ಣದು. ತುಂಬಿದ ಕೋಣೆ ಖಾಲಿ ಅಂತ ತೋರಿಸುವ ಅಪಾಯ ಮಾತ್ರ 20 ಪಟ್ಟು.

ಹಣ ಕಟ್ಟುವ ಪುಟದ ಲಭ್ಯತೆ: ಕ್ಯಾಶ್ ಇಲ್ಲವೇ ಇಲ್ಲ.

ನಿಮ್ಮ ಗ್ರಾಫ್ 10 ನಿಮಿಷಕ್ಕೊಮ್ಮೆ ಏರುವುದು ಸ್ಟ್ಯಾಂಪೀಡ್. ಡಿಪ್ಲಾಯ್ ಅಥವಾ ರೆಡಿಸ್ ರೀಸ್ಟಾರ್ಟ್ ಆದಾಗ ಎಲ್ಲ ಕೀಗಳೂ (ಕ್ಯಾಶ್‌ನ ಒಂದೊಂದು ಪ್ರತಿಯ ಹೆಸರು) ಒಟ್ಟಿಗೆ ಹುಟ್ಟಿದವು, ಒಟ್ಟಿಗೇ ಸಾಯುತ್ತವೆ. ಆ ಗಳಿಗೆಯಲ್ಲಿ ಬಂದ ಪ್ರತಿಯೊಬ್ಬರೂ ‘ಕ್ಯಾಶ್‌ನಲ್ಲಿಲ್ಲ’ ಎಂದು ಡಿಬಿಗೆ ಓಡುತ್ತಾರೆ. ಎರಡು ಮದ್ದು, ಎರಡೂ ಬೇಕು. ಟಿಟಿಎಲ್‌ಗೆ ಒಂದಿಷ್ಟು ಯಾದೃಚ್ಛಿಕ ಸೆಕೆಂಡ್ ಸೇರಿಸಿ: 60 ಅನ್ನುವ ಕಡೆ 50ರಿಂದ 70ರ ನಡುವೆ ಯಾವುದಾದರೂ. ಇನ್ನೊಂದು ಲಾಕ್: ಕೀ ಸಿಗದಿದ್ದಾಗ ರೆಡಿಸ್‌ನ ಸೆಟ್ ಆದೇಶವನ್ನು ಎನ್‌ಎಕ್ಸ್ (ಮೊದಲೇ ಇಲ್ಲದಿದ್ದರೆ ಮಾತ್ರ), ಇಎಕ್ಸ್ 5 (5 ಸೆಕೆಂಡಿಗೆ ತಾನಾಗಿ ಅಳಿಯಲಿ) ಜೊತೆ ಕೊಟ್ಟು ಲಾಕ್ ಹಿಡಿದವನೊಬ್ಬನೇ ಡಿಬಿಗೆ ಹೋಗಲಿ. ಉಳಿದವರು 50 ಮಿಲಿಸೆಕೆಂಡ್ ಬಿಟ್ಟು ಮತ್ತೆ ನೋಡಲಿ, ಅಥವಾ ಹಳೆಯ ಪ್ರತಿ ಇದ್ದರೆ ಅದನ್ನೇ ಕೊಡಲಿ. ಇಎಕ್ಸ್ ಬಿಟ್ಟರೆ ಲಾಕ್ ಹಿಡಿದ ಪ್ರೊಸೆಸ್ ಸತ್ತಾಗ ಆ ಕೀ ಶಾಶ್ವತವಾಗಿ ಬೀಗ ಬಿದ್ದಂತೆಯೇ. ಎನ್‌ಜಿನ್‌ಎಕ್ಸ್ (ಆ್ಯಪ್ ಮುಂದೆ ನಿಲ್ಲುವ ವೆಬ್ ಸರ್ವರ್) ಇದ್ದರೆ ಪ್ರಾಕ್ಸಿ ಕ್ಯಾಶ್ ಲಾಕ್ ಇದೇ ಕೆಲಸ ಮಾಡುತ್ತದೆ. ಡಿಫಾಲ್ಟಾಗಿ ಆಫ್ ಇರುತ್ತದೆ, ಆನ್ ಮಾಡಿ.

ಇನ್ನು ಹಿಟ್ ರೇಶಿಯೊ (ಕೇಳಿದ್ದರಲ್ಲಿ ಎಷ್ಟು ಪಾಲು ಕ್ಯಾಶ್‌ನಲ್ಲೇ ಸಿಕ್ಕಿತು). ರೆಡಿಸ್‌ನ ಇನ್ಫೋದಲ್ಲಿ ಕೀಸ್ಪೇಸ್ ಹಿಟ್ಸ್, ಮಿಸಸ್ ನೋಡಿ. ಕಡಿಮೆ ಇದ್ದರೆ ಸಾಮಾನ್ಯವಾಗಿ ಕೀಯೇ ಕೆಟ್ಟಿರುತ್ತದೆ. ಪೂರ್ತಿ ಯುಆರ್‌ಎಲ್ ಅನ್ನು ಕೀ ಮಾಡಿದ್ದರೆ ಫೇಸ್‌ಬುಕ್‌ನಿಂದ ಬರುವ ಪ್ರತಿ ಕ್ಲಿಕ್‌ಗೂ ಎಫ್‌ಬಿಸಿಎಲ್‌ಐಡಿ (ಫೇಸ್‌ಬುಕ್ ವಿಳಾಸಕ್ಕೆ ಅಂಟಿಸುವ ಗುರುತು) ಬೇರೆ, ಆದ್ದರಿಂದ ಕೀಯೂ ಬೇರೆ. ನಿಮಗೆ ಬೇಕಾದ ಪ್ಯಾರಾಮೀಟರ್ ಮಾತ್ರ (ತಾಲ್ಲೂಕು, ಬರುವ ದಿನ, ಹೋಗುವ ದಿನ, ಜನ) ಒಂದೇ ಕ್ರಮದಲ್ಲಿ ಜೋಡಿಸಿ ಕೀ ಮಾಡಿ. ಕನ್ನಡ, ಇಂಗ್ಲಿಷ್ ಎರಡೂ ಪುಟ ಇದ್ದರೆ ಭಾಷೆಯನ್ನು ವಿಳಾಸದ ದಾರಿಯಲ್ಲೇ ಇಡಿ. ಆಕ್ಸೆಪ್ಟ್ ಲ್ಯಾಂಗ್ವೇಜ್ (ಬ್ರೌಸರ್ ಕಳಿಸುವ ಭಾಷಾ ಪಟ್ಟಿ) ಮೇಲೆ ವೇರಿ (ಇದರ ಪ್ರಕಾರ ಬೇರೆ ಬೇರೆ ಪ್ರತಿ ಇಡು ಎನ್ನುವ ಹೆಡರ್) ಹಾಕಿದರೆ ಒಂದೊಂದು ಫೋನಿನ ಭಾಷಾ ಪಟ್ಟಿಯೂ ಒಂದೊಂದು ಪ್ರತಿ. ಲಾಗಿನ್ ಇಲ್ಲದ ಪುಟಕ್ಕೂ ಸೆಷನ್ ಕುಕೀ ಕಳಿಸುತ್ತಿದ್ದೀರಾ? ಹಾಗಿದ್ದರೆ ಎನ್‌ಜಿನ್‌ಎಕ್ಸ್ ಅದನ್ನು ಕ್ಯಾಶ್ ಮಾಡುವುದೇ ಇಲ್ಲ. ಆ ತಡೆಯನ್ನು ಬಲವಂತವಾಗಿ ತೆಗೆಯಲು ಹೋಗಬೇಡಿ, ಒಬ್ಬರ ಕುಕೀ ಇನ್ನೊಬ್ಬರಿಗೆ ಹೋದೀತು. ಕುಕೀ ಕಳಿಸುವುದನ್ನೇ ನಿಲ್ಲಿಸಿ.

ಸೆಷನ್ ಮತ್ತು ಕ್ಯಾಶ್ ಒಂದೇ ರೆಡಿಸ್‌ನಲ್ಲಿ ಇರಬಾರದು. ರೆಡಿಸ್‌ನ ಡಿಫಾಲ್ಟ್ ನೀತಿ ನೋ ಎವಿಕ್ಷನ್: ಮೆಮೊರಿ ಮಿತಿ ಮುಟ್ಟಿದರೆ ಹೊಸದನ್ನು ಬರೆಯಲು ಬಿಡುವುದಿಲ್ಲ, ಲಾಗಿನ್ ಕೂಡ ಬೀಳುತ್ತದೆ. ಆಲ್‌ಕೀಸ್ ಎಲ್‌ಆರ್‌ಯು (ಬಹಳ ಹೊತ್ತಿಂದ ಬಳಸದ ಕೀಯನ್ನು ಮೊದಲು ತೆಗೆಯುವ ನೀತಿ) ಮಾಡಿದರೆ ಸೆಷನ್‌ಗಳೂ ಹೊರಗೆ ಹೋಗಿ ಜನ ಬುಕಿಂಗ್ ಮಧ್ಯದಲ್ಲಿ ಲಾಗೌಟ್ ಆಗುತ್ತಾರೆ. ಎರಡು ಇನ್‌ಸ್ಟನ್ಸ್ ಮಾಡಿ. ಕ್ಯಾಶ್‌ನದಕ್ಕೆ ಮ್ಯಾಕ್ಸ್ ಮೆಮೊರಿ 512 ಎಂಬಿ, ಆಲ್‌ಕೀಸ್ ಎಲ್‌ಆರ್‌ಯು. ಸೆಷನ್‌ನದಕ್ಕೆ ನೋ ಎವಿಕ್ಷನ್, ಟಿಟಿಎಲ್ ಕಡ್ಡಾಯ. ಮತ್ತೆ ಕೀಗಳನ್ನು ಅಳಿಸಲು ಕೀಸ್ ಆದೇಶ ಎಲ್ಲಾದರೂ ಬಳಸಿದ್ದರೆ ತೆಗೆದು ಸ್ಕ್ಯಾನ್ ಹಾಕಿ. ಕೀಸ್ ಓಡುವಷ್ಟು ಹೊತ್ತು ರೆಡಿಸ್ ಬೇರೆ ಯಾರ ಮಾತೂ ಕೇಳುವುದಿಲ್ಲ.

ಗಾಳಿಬೀಡು_ಗಾಳಿ

ಇಬ್ಬರಿಗೂ ಧನ್ಯವಾದ. ಎಫ್‌ಬಿಸಿಎಲ್‌ಐಡಿ ಕೀಯಲ್ಲಿ ಇದೆ, ಕುಕೀ ಕೂಡ ಹೋಗುತ್ತಿದೆ.

ಒಂದು ಅನುಮಾನ. ಲಭ್ಯತೆಯನ್ನು ಕ್ಯಾಶ್ ಮಾಡದೆ ಬಿಟ್ಟರೆ ಡಬಲ್ ಬುಕಿಂಗ್ ನಿಲ್ಲುತ್ತದೆಯೇ? ಈಗ ಮೊದಲು ಸೆಲೆಕ್ಟ್ (ಓದುವ ಕ್ವೆರಿ) ಮಾಡಿ ಖಾಲಿ ಇದೆಯೇ ನೋಡಿ, ಆಮೇಲೆ ಇನ್ಸರ್ಟ್ (ಸಾಲು ಸೇರಿಸುವ ಕ್ವೆರಿ) ಮಾಡುತ್ತೇವೆ. ಯುಪಿಐ ಹಣ ಬರುವವರೆಗೆ 10 ನಿಮಿಷ ಕೋಣೆ ಹಿಡಿದಿಡುವುದೂ ಇದೆ.

ಕಕ್ಕಬ್ಬೆ_ಜೇನು

ನಿಲ್ಲುವುದಿಲ್ಲ. ಕ್ಯಾಶ್ ಅದನ್ನು ಹೆಚ್ಚಿಸಿತೇ ಹೊರತು ಹುಟ್ಟಿಸಿದ್ದಲ್ಲ. ಇಬ್ಬರ ಸೆಲೆಕ್ಟ್ ಕೂಡ ಒಂದೇ ಗಳಿಗೆಯಲ್ಲಿ ‘ಖಾಲಿ’ ಎನ್ನುತ್ತದೆ, ಇಬ್ಬರೂ ಇನ್ಸರ್ಟ್ ಮಾಡುತ್ತಾರೆ. ರೆಡಿಸ್ ಲಾಕ್ ಹಾಕಿ ತಡೆಯೋಣ ಎಂದೂ ಹೊರಡಬೇಡಿ. ಲಾಕ್ ಅವಧಿ ಮುಗಿದ ಮೇಲೆ ಎಚ್ಚೆತ್ತ ಪ್ರೊಸೆಸ್ ಬಂದು ಬರೆದರೆ ತಡೆಯುವವರಿಲ್ಲ. ಕಾವಲು ಡಿಬಿಯಲ್ಲೇ ಇರಬೇಕು.

ಪೋಸ್ಟ್‌ಗ್ರೆಸ್‌ನಲ್ಲಿ ಇದಕ್ಕೆಂದೇ ಎಕ್ಸ್‌ಕ್ಲೂಷನ್ ಕನ್‌ಸ್ಟ್ರೇಂಟ್ (ಡಿಕ್ಕಿಯಾಗುವ ಸಾಲನ್ನು ಡಿಬಿಯೇ ತಿರಸ್ಕರಿಸುವ ನಿಯಮ) ಇದೆ. ಬಿಟ್ರೀ ಜಿಸ್ಟ್ ಎಕ್ಸ್‌ಟೆನ್ಷನ್ ಹಾಕಿ. ಬುಕಿಂಗ್ ಟೇಬಲ್‌ನಲ್ಲಿ ವಾಸ್ತವ್ಯದ ಅವಧಿಗೆ ಡೇಟ್‌ರೇಂಜ್ ಕಾಲಂ ಮಾಡಿ. ಕೋಣೆ ಐಡಿ ಸಮ (=) ಮತ್ತು ಅವಧಿ ಒಂದರ ಮೇಲೊಂದು (&&) ಆಗುವ ಎರಡು ಸಾಲು ಇರಕೂಡದು, ಸ್ಥಿತಿ ‘ಹಿಡಿದದ್ದು’ ಅಥವಾ ‘ಖಚಿತ’ ಆಗಿದ್ದರೆ ಮಾತ್ರ, ಎಂದು ಬರೆಯಿರಿ. ಎಷ್ಟೇ ಮೆಷಿನ್ ಇರಲಿ, ಎರಡನೆಯವನಿಗೆ 23ಪಿ01 ಎರರ್ ಬರುತ್ತದೆ. ಅದನ್ನು ಹಿಡಿದು ‘ಈ ಕೋಣೆ ಈಗಷ್ಟೇ ಹೋಯಿತು, ಪಕ್ಕದವು ಇವು’ ಎಂದು ತೋರಿಸಿ. 500 ಪುಟ ತೋರಿಸಬೇಡಿ.

ಅವಧಿಯನ್ನು ಬರುವ ದಿನ ಸೇರಿ, ಹೋಗುವ ದಿನ ಬಿಟ್ಟು ಇಡಿ. 17ರಿಂದ 19 ಒಬ್ಬರು, 19ರಿಂದ 21 ಇನ್ನೊಬ್ಬರು, ಡಿಕ್ಕಿಯಿಲ್ಲ. ಎರಡೂ ತುದಿ ಸೇರಿಸಿದರೆ 19ರಂದು ಖಾಲಿಯಾಗುವ ಕೋಣೆ ಆ ದಿನ ಮಾರಾಟವಾಗುವುದೇ ಇಲ್ಲ, ಮತ್ತೆ ಮನೆಯವರು ಫೋನ್ ಮಾಡುತ್ತಾರೆ.

ಹಿಡಿದಿಡುವುದರಲ್ಲಿ ಒಂದು ಮುಳ್ಳು. ಕನ್‌ಸ್ಟ್ರೇಂಟ್‌ನ ಷರತ್ತಿನಲ್ಲಿ ‘ಈಗಿನ ಸಮಯ’ ಬಳಸಲು ಪೋಸ್ಟ್‌ಗ್ರೆಸ್ ಬಿಡುವುದಿಲ್ಲ, ಅಲ್ಲಿ ಬದಲಾಗದ ಫಂಕ್ಷನ್ ಮಾತ್ರ ನಡೆಯುತ್ತದೆ. ಹಾಗಾಗಿ 10 ನಿಮಿಷ ದಾಟಿದ ಹಿಡಿತ ತಾನಾಗಿ ಸಡಿಲವಾಗುವುದಿಲ್ಲ. ನಿಮಿಷಕ್ಕೊಮ್ಮೆ ಓಡುವ ಜಾಬ್ ಅವುಗಳ ಸ್ಥಿತಿಯನ್ನು ‘ರದ್ದು’ ಮಾಡಲಿ. ಅದರ ಜೊತೆಗೆ, ಹೊಸ ಬುಕಿಂಗ್‌ನ ಟ್ರಾನ್ಸಾಕ್ಷನ್ ಕೂಡ ಇನ್ಸರ್ಟ್‌ಗೆ ಮುಂಚೆ ಅದೇ ಕೋಣೆಯ ಅವಧಿ ಮೀರಿದ ಹಿಡಿತವನ್ನು ರದ್ದು ಮಾಡಲಿ. ಜಾಬ್ ನಿಂತುಹೋದರೂ ಕೋಣೆ ಸಿಕ್ಕಿಹಾಕಿಕೊಳ್ಳುವುದಿಲ್ಲ.

ಯುಪಿಐ ಹಣ ಹಿಡಿತ ಮುಗಿದ ಮೇಲೆ ಬರುವುದು ಅಪರೂಪವಲ್ಲ. ಆಗ ಮತ್ತೆ ಖಚಿತ ಮಾಡಲು ನೋಡಿ. ಕನ್‌ಸ್ಟ್ರೇಂಟ್ ಒಪ್ಪದಿದ್ದರೆ ತಾನಾಗಿ ರೀಫಂಡ್. ಪೇಮೆಂಟ್ ಗೇಟ್‌ವೇ ಒಂದೇ ವೆಬ್‌ಹುಕ್ (ಹಣ ಬಂದ ಸುದ್ದಿ ಕೊಡುವ ಕರೆ) ಅನ್ನು ಎರಡು ಮೂರು ಸಲ ಕಳಿಸಬಹುದು, ಪಾವತಿ ಐಡಿಗೆ ಯುನೀಕ್ ಇಂಡೆಕ್ಸ್ ಇರಲಿ. ವೆಬ್‌ಹುಕ್ ಬಂದಾಗ ಸಹಿ ಪರೀಕ್ಷಿಸಿ, ಕ್ಯೂಗೆ ಹಾಕಿ, ತಕ್ಷಣ 200 ಕೊಡಿ. ಎಸ್‌ಎಂಎಸ್, ವಾಟ್ಸ್ಆ್ಯಪ್ ಸಂದೇಶ, ಇನ್‌ವಾಯ್ಸ್ ಎಲ್ಲ ಕ್ಯೂನ ಆಚೆ. ಎಸ್‌ಕ್ಯೂಎಸ್ (ಅಮೆಜಾನ್‌ನ ಕ್ಯೂ ಸೇವೆ) ಆದರೆ ವಿಸಿಬಿಲಿಟಿ ಟೈಮೌಟ್ (ಒಬ್ಬ ವರ್ಕರ್ ಎತ್ತಿಕೊಂಡದ್ದು ಬೇರೆಯವರಿಗೆ ಕಾಣದ ಅವಧಿ) ಡಿಫಾಲ್ಟ್ 30 ಸೆಕೆಂಡ್. ಕೆಲಸ ಅದಕ್ಕಿಂತ ಹೆಚ್ಚು ಹೊತ್ತು ಹಿಡಿದರೆ ಇನ್ನೊಬ್ಬ ವರ್ಕರ್ ಅದನ್ನೇ ಎತ್ತಿಕೊಂಡು ಅತಿಥಿಗೆ ಎರಡು ಸಂದೇಶ ಹೋಗುತ್ತದೆ.

ಮನೆಯವರ ಕಡೆಯ ‘ಒಪ್ಪಿದೆ’ ಬಟನ್ ಕೂಡ ಹೀಗೇ. ಮಳೆಗಾಲದಲ್ಲಿ ಸಿಗ್ನಲ್ ಬಂದು ಹೋಗಿ ಮಾಡುವಾಗ ಎರಡು ಮೂರು ಸಲ ಒತ್ತುತ್ತಾರೆ. ಬಟನ್ ತೋರಿಸುವಾಗಲೇ ಒಂದು ಐಡೆಂಪೊಟೆನ್ಸಿ ಕೀ ಕೊಟ್ಟು, ಅದೇ ಕೀ ಮತ್ತೆ ಬಂದರೆ ಹಿಂದಿನ ಉತ್ತರವನ್ನೇ ವಾಪಸ್ ಕೊಡಿ.

ಮುಂದೆ ಎಂದಾದರೂ ರೀಡ್ ರೆಪ್ಲಿಕಾ (ಓದಲು ಮಾತ್ರ ಇರುವ ಡಿಬಿ ನಕಲು) ಹಾಕಿದರೆ ಹುಡುಕಾಟ ಮಾತ್ರ ಅಲ್ಲಿಗೆ. ರೆಪ್ಲಿಕಾ ಹಿಂದೆ ಬಿದ್ದಾಗ ಬುಕ್ ಮಾಡಿದವರಿಗೇ ತಮ್ಮ ಬುಕಿಂಗ್ ಕಾಣುವುದಿಲ್ಲ, ಗಾಬರಿಯಲ್ಲಿ ಇನ್ನೊಮ್ಮೆ ಮಾಡುತ್ತಾರೆ.

ಹಾರಂಗಿ_ಹಿನ್ನೀರು

ಕುಬರ್ನೆಟಿಸ್ ಬಗ್ಗೆ: ನಿಮ್ಮ ನಾಲ್ಕು ತೊಂದರೆಯಲ್ಲಿ ಒಂದನ್ನೂ ಅದು ಮುಟ್ಟುವುದಿಲ್ಲ. ಪಾಡ್ (ಕುಬರ್ನೆಟಿಸ್‌ನಲ್ಲಿ ಆ್ಯಪ್ ಓಡುವ ಘಟಕ) ಆಗಲಿ ಮೆಷಿನ್ ಆಗಲಿ ಕನೆಕ್ಷನ್ ಗುಣಾಕಾರ ಅದೇ. ಒಂದು ಆ್ಯಪ್, ಒಂದು ಡಿಬಿ ಇರುವವರಿಗೆ ಅದು ನೋಡಿಕೊಳ್ಳಬೇಕಾದ ಇನ್ನೊಂದು ಸಂಸಾರ.

ಈಗ ಇರುವ ಆಟೋ ಸ್ಕೇಲಿಂಗ್ ಅನ್ನೇ ತಿದ್ದಿ. ನಿಮ್ಮ ನೂಕುನುಗ್ಗಲು ಕ್ಯಾಲೆಂಡರ್‌ನಲ್ಲಿ ಬರೆದಿಟ್ಟದ್ದು. ಗುರುವಾರ ಸಂಜೆ, ದಸರಾ, ತುಲಾ ಸಂಕ್ರಮಣ, ಪುತ್ತರಿ ರಜೆ ಮೊದಲೇ ಗೊತ್ತು. ಮೆಷಿನ್ ಎದ್ದು ಕೆಲಸಕ್ಕೆ ನಿಲ್ಲಲು ನಿಮಿಷಗಳು ಹಿಡಿಯುತ್ತವೆ, ಅಷ್ಟರಲ್ಲಿ ಜನ ಹೋಗಿರುತ್ತಾರೆ. ಶೆಡ್ಯೂಲ್ಡ್ ಸ್ಕೇಲಿಂಗ್ ಹಾಕಿ ಅರ್ಧ ಗಂಟೆ ಮುಂಚೆ 4ಕ್ಕೆ ಏರಿಸಿ.

ಹೆಲ್ತ್ ಚೆಕ್ ಪುಟ (ಮೆಷಿನ್ ಸರಿಯಿದೆಯೇ ಎಂದು ಎಎಲ್‌ಬಿ ಆಗಾಗ ಕೇಳುವ ಪುಟ) ಡಿಬಿಗೆ ಕ್ವೆರಿ ಹೊಡೆಯುತ್ತಿದೆಯೇ ನೋಡಿ. ಹೊಡೆಯುತ್ತಿದ್ದರೆ ಡಿಬಿ ನಿಧಾನವಾದ ಕೂಡಲೇ ಎಲ್ಲ ಮೆಷಿನ್‌ಗಳೂ ಒಟ್ಟಿಗೆ ‘ಆರೋಗ್ಯ ಸರಿಯಿಲ್ಲ’ ಎನ್ನುತ್ತವೆ. ಆಟೋ ಸ್ಕೇಲಿಂಗ್ ಗುಂಪು ಎಎಲ್‌ಬಿ ತೀರ್ಪನ್ನೇ ನಂಬುವಂತೆ ಇದ್ದರೆ ಅವನ್ನು ಕೊಂದು ಹೊಸವನ್ನು ಎಬ್ಬಿಸುತ್ತದೆ. ಹೊಸವು ಖಾಲಿ ಪೂಲ್‌ನೊಂದಿಗೆ ಬಂದು ಡಿಬಿ ಮೇಲೆ ಮತ್ತೆ ಬೀಳುತ್ತವೆ. ಚೆಕ್ ಪುಟ ತನ್ನ ಪ್ರೊಸೆಸ್ ಜೀವಂತ ಇದೆಯೇ ಎಂದಷ್ಟೇ ಹೇಳಲಿ. ಡಿಬಿಗೆ ಬೇರೆ ಅಲಾರಂ ಇಡಿ.

ಡಿಬಿ ಕೂಡ ಟಿ3ನಲ್ಲೇ ಇದ್ದರೆ ಸಿಪಿಯು ಕ್ರೆಡಿಟ್ ಬ್ಯಾಲೆನ್ಸ್ (ಬೇಸ್‌ಲೈನ್ ಮೀರಿ ಓಡಲು ಕೂಡಿಟ್ಟ ಪಾಲು) ಗ್ರಾಫ್ ತೆಗೆದು ನೋಡಿ. ಟಿ3 ಮೀಡಿಯಂನ ಬೇಸ್‌ಲೈನ್ ವಿಸಿಪಿಯುಗೆ 20%. ಡಿಫಾಲ್ಟಾದ ಅನ್‌ಲಿಮಿಟೆಡ್ ಮೋಡ್‌ನಲ್ಲಿ ಬಿಲ್ ಏರುತ್ತದೆ. ಸ್ಟ್ಯಾಂಡರ್ಡ್‌ಗೆ ಬದಲಿಸಿದ್ದರೆ ಕ್ರೆಡಿಟ್ ಮುಗಿದ ಹೊತ್ತಿಗೆ ವೇಗವೇ 20%ಗೆ ಇಳಿಯುತ್ತದೆ. ಡಿಬಿಯನ್ನು ಈ ಕ್ರೆಡಿಟ್ ಲೆಕ್ಕವಿಲ್ಲದ ಎಂ ಸರಣಿಗೆ ಒಯ್ಯುವುದು ಒಳ್ಳೆಯದು.

ಗಾಳಿಬೀಡು_ಗಾಳಿ

ಹೆಲ್ತ್ ಚೆಕ್ ಡಿಬಿಗೆ ಹೋಗುತ್ತಿದೆ, ಇವತ್ತೇ ತೆಗೆಯುತ್ತೇನೆ. ಇದೆಲ್ಲ ಮಾಡಿದ ಮೇಲೆ ಮುಂದಿನ ಸಾಲು ರಜೆವರೆಗೆ ಕಾಯದೆ ಪರೀಕ್ಷಿಸುವುದು ಹೇಗೆ?

ಬರಪೊಳೆ

ಕೆ6 (ಕೃತಕ ಹೊರೆ ಹಾಕಿ ಪರೀಕ್ಷಿಸುವ ಸಾಧನ) ಸಾಕು. ‘ಇಷ್ಟು ಯೂಸರ್’ ಎಂದು ಓಡಿಸಬೇಡಿ: ಸರ್ವರ್ ನಿಧಾನವಾದರೆ ಆ ಕೃತಕ ಯೂಸರ್‌ಗಳೂ ಉತ್ತರಕ್ಕೆ ಕಾಯುತ್ತ ಕೂರುತ್ತಾರೆ, ಹೊರೆ ತಾನಾಗಿ ಇಳಿದು ಎಲ್ಲ ಚೆನ್ನಾಗಿದೆ ಅನ್ನಿಸುತ್ತದೆ. ನಿಜವಾದ ಜನ ಹಾಗೆ ಕಾಯುವುದಿಲ್ಲ. ರ್‍ಯಾಂಪಿಂಗ್ ಅರೈವಲ್ ರೇಟ್ ಎಕ್ಸಿಕ್ಯೂಟರ್ (ಉತ್ತರಕ್ಕೆ ಕಾಯದೆ ನಿಗದಿತ ದರದಲ್ಲಿ ರಿಕ್ವೆಸ್ಟ್ ಕಳಿಸುವ ವಿಧಾನ) ಹಾಕಿ, ಸೆಕೆಂಡಿಗೆ 50ರಿಂದ ಶುರು ಮಾಡಿ 5 ನಿಮಿಷಕ್ಕೊಮ್ಮೆ ಏರಿಸಿ. ಸರಾಸರಿ ನೋಡಬೇಡಿ, ಪಿ95 ಮತ್ತು ಪಿ99 (95%, 99% ರಿಕ್ವೆಸ್ಟ್‌ಗಳು ಎಷ್ಟು ಸಮಯದೊಳಗೆ ಮುಗಿದವು) ನೋಡಿ. ದಿನಾಂಕ, ತಾಲ್ಲೂಕು ಬದಲಿಸುತ್ತ ಕೇಳಿ. ಒಂದೇ ಹುಡುಕಾಟ ಕಳಿಸಿದರೆ ಕ್ಯಾಶ್ ಒಂದೇ ಪರೀಕ್ಷೆಯಾಗುತ್ತದೆ. ಮಧ್ಯದಲ್ಲಿ ಒಮ್ಮೆ ಕ್ಯಾಶ್ ರೆಡಿಸ್ ಅನ್ನು ಪೂರ್ತಿ ಖಾಲಿ ಮಾಡಿ ಡಿಬಿ ಗ್ರಾಫ್ ಎಷ್ಟು ಏರುತ್ತದೆ, ಎಷ್ಟು ಸೆಕೆಂಡಿಗೆ ಇಳಿಯುತ್ತದೆ ಬರೆದಿಟ್ಟುಕೊಳ್ಳಿ. ಡಿಬಿಯ ನಕಲೊಂದರ ಮೇಲೆ ಮಾಡಿ, ಪೇಮೆಂಟ್ ಗೇಟ್‌ವೇಯ ಟೆಸ್ಟ್ ಕೀ ಹಾಕಿ, ಎಸ್‌ಎಂಎಸ್ ಕಳಿಸುವುದನ್ನು ಆಫ್ ಮಾಡಿರಿ. ಇಲ್ಲದಿದ್ದರೆ ಇಡೀ ಜಿಲ್ಲೆಯ ಹೋಂಸ್ಟೇಯವರು ಬರದ ಅತಿಥಿಗಳಿಗೆ ಅಕ್ಕಿರೊಟ್ಟಿ ತಟ್ಟಿಟ್ಟು ಕೂರುತ್ತಾರೆ.